ಪಾಯಿಂಟ್ ಎರಡು ಬರಲಿ, ಆಮೇಲೆ ನೋಡೋಣ

ನನ್ನ ಹತ್ತಿರ ಎರಡು ಲ್ಯಾಪ್‌ಟಾಪ್ ಇವೆ. ಒಂದು ಕೆಲಸದ್ದು. ಇನ್ನೊಂದು ಹಳೇದು, ಬ್ಯಾಟರಿ ಯಾವತ್ತೋ ಸತ್ತಿದೆ, ಚಾರ್ಜರ್ ಕಿತ್ತರೆ ಅದೂ ಆರಿಹೋಗುತ್ತದೆ. ಎರಡರಲ್ಲೂ ಇರುವುದು ಲಿನಕ್ಸ್; ಅದರ ಪರದೆಯ ಮೇಲಿನ ಮೆನು, ಪಟ್ಟಿ, ಕಿಟಕಿಗಳನ್ನು ನೋಡಿಕೊಳ್ಳುವ ಡೆಸ್ಕ್‌ಟಾಪ್, ಕೆಡಿಇ ಎಂಬ ತಂಡ ಕಟ್ಟುವ ಪ್ಲಾಸ್ಮಾ. ಪ್ಲಾಸ್ಮಾದ ಹೊಸ ಆವೃತ್ತಿ ಬಂದ ದಿನವೇ ಈ ಹಳೇದಕ್ಕೆ ಹಾಕುತ್ತೇನೆ. ಕೆಲಸದ್ದಕ್ಕೆ ಹಾಕುವುದು ಕೊನೆಯ ಅಂಕಿ ಎರಡಾದ ಮೇಲೆ. 6.5.0 ಬೇಡ, 6.5.1 ಬೇಡ, 6.5.2 ಬರಲಿ.

ಇದೆಂಥ ಶಾಸ್ತ್ರ ಅಂತ ಗೆಳೆಯರು ನಗುತ್ತಾರೆ. ಆದರೆ ಇದಕ್ಕೊಂದು ಲೆಕ್ಕ ಇದೆ. ಪ್ಲಾಸ್ಮಾದ ದೊಡ್ಡ ಆವೃತ್ತಿ ಬಂದ ಮೇಲೆ ಅದರ ತಿದ್ದುಪಡಿಗಳು ಫಿಬೊನಾಚಿ ಸರಣಿಯ (ಹಿಂದಿನ ಎರಡನ್ನು ಕೂಡಿದರೆ ಮುಂದಿನದು) ಅಂತರದಲ್ಲಿ ಬರುತ್ತವೆ. ಒಂದು ವಾರ, ಮತ್ತೆ ಒಂದು ವಾರ, ಆಮೇಲೆ ಎರಡು, ಮೂರು, ಐದು. 6.0 ಬಂದಿದ್ದು 2024ರ ಫೆಬ್ರವರಿ 28ಕ್ಕೆ. 6.0.1 ಮಾರ್ಚ್ 6ಕ್ಕೆ, 6.0.2 ಮಾರ್ಚ್ 12ಕ್ಕೆ, 6.0.3 ಮಾರ್ಚ್ 26ಕ್ಕೆ, ನಾಲ್ಕನೆಯದು ಏಪ್ರಿಲ್ 16ಕ್ಕೆ, ಐದನೆಯದು ಮೇ 21ಕ್ಕೆ. ಸಾಮಾನ್ಯವಾಗಿ ಇವೆಲ್ಲ ಮಂಗಳವಾರ ಬರುತ್ತವೆ. 6.0 ಮತ್ತು 6.0.1 ಮಾತ್ರ ಬುಧವಾರ ಬಂದವು. ನಾನು ಮಂಗಳವಾರ ರಾತ್ರಿ ಸುಮ್ನೆ ಕಾದು ಕೂತಿದ್ದೆ.

ಮೊದಲು ಬೇಗ ಬೇಗ, ಆಮೇಲೆ ನಿಧಾನ. ಯಾಕೆ ಅಂದರೆ, ಬರೆದವರ ಕಂಪ್ಯೂಟರಿನಲ್ಲಿ ನೆಟ್ಟಗೆ ನಡೆದದ್ದು ಹೊರಗೆ ಬಂದ ದಿನ ಎಲ್ಲೆಲ್ಲಿಯದೋ ಗ್ರಾಫಿಕ್ಸ್ ಕಾರ್ಡು, ಎಂತೆಂಥದೋ ಮಾನಿಟರಿನ ಮೇಲೆ ಓಡಬೇಕು. ದೂರುಗಳು ಒಂದೇ ಸಲ ಸುರಿಯುತ್ತವೆ. ದೊಡ್ಡ ತೂತುಗಳನ್ನೆಲ್ಲ ಮುಚ್ಚುವುದು ಆ ಮೊದಲ ಎರಡು ವಾರದಲ್ಲೇ. ಹಾಗಾಗಿ ನಾನು ಘೋಷಣೆಯ ಪುಟ ಓದುವುದಕ್ಕಿಂತ .1 ಮತ್ತು .2ರ ಬದಲಾವಣೆ ಪಟ್ಟಿ ಓದುವುದೇ ಜಾಸ್ತಿ. ಘೋಷಣೆಯಲ್ಲಿ ಚೆಂದದ ಚಿತ್ರಗಳಿರುತ್ತವೆ. ಪಟ್ಟಿಯಲ್ಲಿ ನಿಜವಾಗಿ ಏನು ಮುರಿದಿತ್ತು ಅನ್ನುವುದು ಇರುತ್ತದೆ.

ಈ ಹುಷಾರಿತನ ಹುಟ್ಟಿನಿಂದ ಬಂದದ್ದಲ್ಲ. 2008ರ ಜನವರಿ 11ಕ್ಕೆ ಕೆಡಿಇ 4.0 ಬಂತು. ಆಗ ನನಗೆ ಆವೃತ್ತಿ ಸಂಖ್ಯೆ ದೊಡ್ಡದಾದಷ್ಟೂ ಒಳ್ಳೇದು ಅನ್ನುವ ನಂಬಿಕೆ. ಇದ್ದ ಒಂದೇ ಕಂಪ್ಯೂಟರಿಗೆ, ಮರುದಿನ ಒಪ್ಪಿಸಬೇಕಾದ ಕೆಲಸ ಅರ್ಧ ಇರುವಾಗ, ಹಾಕಿಯೇ ಬಿಟ್ಟೆ. ಡೆಸ್ಕ್‌ಟಾಪಿನ ಮೇಲೆ ಹರವಿಕೊಂಡಿದ್ದ ಫೈಲುಗಳು ನಾನು ಇಟ್ಟ ಹಾಗೆ ಇರಲಿಲ್ಲ. ಪರದೆಯ ಕೆಳಗಿನ ಪಟ್ಟಿಯ ಎತ್ತರ ಕಡಿಮೆ ಮಾಡೋಣ ಅಂದರೆ ಅದಕ್ಕೊಂದು ಬಟನ್ ಇಲ್ಲ. ತಪ್ಪು ನನ್ನದೇ. ಇದು ಅಡಿಪಾಯ, ಮನೆ ಇನ್ನೂ ಎದ್ದಿಲ್ಲ ಅಂತ ಕಟ್ಟುವವರೇ ಮೊದಲೇ ಹೇಳಿದ್ದರು. ಓದಿದವರು ಯಾರು? ಫೈಲುಗಳನ್ನು ಡೆಸ್ಕ್‌ಟಾಪಿನ ಮೇಲೆ ತೋರಿಸುವ ಫೋಲ್ಡರ್ ವ್ಯೂ ಬಂದದ್ದು ಅದೇ ವರ್ಷ ಜುಲೈನ 4.1ರಲ್ಲಿ. ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಕೂಡ ಆ ಕಾಲದಲ್ಲೇ ಕೆಡಿಇ ಬಿಟ್ಟು ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪಿಗೆ ಹೋದರು ಅಂತ ಆಮೇಲೆ ಓದಿ, ಸಂಕಟದಲ್ಲೂ ಒಂಥರಾ ಖುಷಿಯಾಯಿತು. (ನೋಮ್ 3 ಬಂದಾಗ ಅವರು ಅದನ್ನೂ ಬಿಟ್ಟು ಎಕ್ಸ್‌ಎಫ್‌ಸಿಇ ಹಿಡಿದರು. ಅದು ಬೇರೆ ಕತೆ.)

6.0 ಆ ತರಹ ಆಗಲಿಲ್ಲ. ಮೇಲ್ನೋಟಕ್ಕೆ 5.27ರ ಹಾಗೇ ಇತ್ತು. ಒಳಗಡೆ ಮಾತ್ರ ಬಟನ್ನು, ಮೆನು ಬಿಡಿಸುವ ಲೈಬ್ರರಿ ಕ್ಯೂಟಿ 5 ಹೋಗಿ ಕ್ಯೂಟಿ 6 ಬಂದಿತ್ತು, ಕಿಟಕಿಗಳನ್ನು ಪರದೆಗೆ ತಲುಪಿಸುವ ಹಳೇ ವ್ಯವಸ್ಥೆ ಎಕ್ಸ್11ರ ಬದಲು ಹೊಸದಾದ ವೇಲ್ಯಾಂಡ್ ಡಿಫಾಲ್ಟ್ ಆಗಿತ್ತು. ಕೆಳಗಿನ ಪಟ್ಟಿ ಅಂಚಿನಿಂದ ಸ್ವಲ್ಪ ಮೇಲೆ ತೇಲುತ್ತಿತ್ತು. ಡೆಸ್ಕ್‌ಟಾಪ್‌ಗಳನ್ನು ಒಂದು ಘನದ ಮುಖಗಳಾಗಿ ತೋರಿಸುವ, ಮಧ್ಯೆ ಕಾಣೆಯಾಗಿದ್ದ ತಿರುಗುವ ಕ್ಯೂಬ್ ಮರಳಿ ಬಂದಿತ್ತು. ಅದನ್ನು ಅರ್ಧ ಗಂಟೆ ತಿರುಗಿಸಿದೆ. ಮತ್ತೆ ಇವತ್ತಿನವರೆಗೂ ಮುಟ್ಟಿಲ್ಲ.

ಹಳೇ ಲ್ಯಾಪ್‌ಟಾಪಿನಲ್ಲಿ ನಾನು ತಪ್ಪದೆ ಮಾಡುವ ಒಂದು ಕೆಲಸ ಇದೆ. ಪ್ರತಿ ದೊಡ್ಡ ಆವೃತ್ತಿಗೂ ಒಂದು ಹೊಸ ಯೂಸರ್ ಅಕೌಂಟ್ ತೆರೆಯುತ್ತೇನೆ. ನನ್ನ ಸ್ವಂತ ಅಕೌಂಟಿನಲ್ಲಿ ಹತ್ತು ವರ್ಷದ ಸೆಟ್ಟಿಂಗಿನ ಕಸ ಇದೆ. ಏನಾದರೂ ಕೈಕೊಟ್ಟರೆ ಹೊಸ ಆವೃತ್ತಿಯ ತಪ್ಪೋ, ನನ್ನ ಕಸದ ತಪ್ಪೋ ಗೊತ್ತಾಗುವುದಿಲ್ಲ. ಕೆಡಿಇ ಫೈಲಿನಲ್ಲಿ ಬರೆದಿಡುವುದು ನಾವು ಬದಲಿಸಿದ್ದನ್ನು ಮಾತ್ರ. ಮುಟ್ಟದೇ ಬಿಟ್ಟದ್ದು ಅಲ್ಲಿರುವುದಿಲ್ಲ. ಹಾಗಾಗಿ ಹೊಸ ಅಕೌಂಟ್ ಅಂದರೆ ಅವರು ಈಗ ಏನು ಅಂದುಕೊಂಡಿದ್ದಾರೆ ಅನ್ನುವುದರ ನೇರ ನೋಟ. 6.0ರ ಹೊಸ ಅಕೌಂಟಿನಲ್ಲಿ ಫೈಲ್ ನೋಡುವ ಪ್ರೋಗ್ರಾಂ ಡಾಲ್ಫಿನ್ ತೆರೆದು ಒಂದು ಫೋಲ್ಡರಿನ ಮೇಲೆ ಕ್ಲಿಕ್ ಮಾಡಿದೆ. ಬಣ್ಣ ಬದಲಾಯಿತು, ತೆರೆಯಲಿಲ್ಲ. ಕಂಪ್ಯೂಟರ್ ತೂಕಡಿಸುತ್ತಿದೆ ಅಂದುಕೊಂಡೆ. ಮತ್ತೆ ಕ್ಲಿಕ್. ಆಗ ಹೊಳೆಯಿತು: ಒಂದೇ ಕ್ಲಿಕ್ಕಿಗೆ ತೆರೆಯುವ ಹಳೇ ಪದ್ಧತಿ ಬಿಟ್ಟು ಡಬಲ್ ಕ್ಲಿಕ್ ಡಿಫಾಲ್ಟ್ ಮಾಡಿದ್ದಾರೆ. ಬೇರೆ ಕಡೆಯಿಂದ ಬರುವವರಿಗೆ ಅದೇ ಅಭ್ಯಾಸ, ಸರಿಯಾದ ತೀರ್ಮಾನವೇ. ನನ್ನ ಬೆರಳಿಗೆ ಮಾತ್ರ ಸಿಟ್ಟು ಬಂತು. ಸೆಟ್ಟಿಂಗ್‌ನಲ್ಲಿ ಬದಲಿಸಿಕೊಂಡೆ.

ಈಗ ನನ್ನ ಮರ್ಯಾದೆ ಹೋದ ಕತೆ. 6.0 ಹಾಕಿದ ಮೂರನೇ ದಿನ ಎರಡನೇ ಮಾನಿಟರ್ ನಿದ್ದೆಯಿಂದ ಎದ್ದಾಗ ಕೆಳಗಿನ ಪಟ್ಟಿ ಮಾಯ. ಕೆಲವು ಸಲ ಮಾನಿಟರೇ ಮಾಯ. ನಾನು ರೋಷದಿಂದ ಕೆಡಿಇಯ ದೂರಿನ ತಾಣ ಬಗ್‌ಜಿಲ್ಲಾದಲ್ಲಿ ಉದ್ದದ ದೂರು ಬರೆದೆ. ಹೊಸ ಆವೃತ್ತಿ ಹಾಗೆ, ಹೀಗೆ, 5.27ರಲ್ಲಿ ಎಲ್ಲ ಸರಿಯಿತ್ತು ಅಂತ. ಮರುದಿನವೇ ಸೌಜನ್ಯದ ಉತ್ತರ ಬಂತು. ಕೆಸ್ಕ್ರೀನ್ ಡಾಕ್ಟರ್ ಅನ್ನುವ ಆಜ್ಞೆ ಓಡಿಸಿ, ಮಾನಿಟರ್ ಇರುವಾಗಲೂ ಮಾಯವಾದಾಗಲೂ ಏನು ತೋರಿಸುತ್ತದೆ ಕಳಿಸಿ ಅಂದರು. ದೂರಿನ ಸ್ಥಿತಿ ‘ಮಾಹಿತಿ ಬೇಕು’ ಅಂತ ಬದಲಾಯಿತು. ಹಾಗೆ ಬದಲಾದ ಮೇಲೆ ಉತ್ತರ ಕೊಡದೆ ಕೂತರೆ ಒಂದು ತಿಂಗಳಿಗೆ ದೂರು ತಾನಾಗಿಯೇ ಮುಚ್ಚಿಹೋಗುತ್ತದೆ.

ಮಾಹಿತಿ ಹಿಡಿಯಲು ಕೂತೆ. ಕೇಬಲ್ ಕಿತ್ತು ಹಾಕುವಾಗ ಅದರ ತುದಿ ಸ್ವಲ್ಪ ಅಲ್ಲಾಡಿತು. ಬೇರೆ ಕೇಬಲ್ ಹಾಕಿ ನೋಡಿದೆ. ಒಂದು ದಿನ, ಎರಡು ದಿನ, ನಾಲ್ಕು ದಿನ. ಏನೂ ಮಾಯವಾಗಲಿಲ್ಲ. ಹಳೇ ಕೇಬಲ್ ಹಾಕಿದೆ, ಮಾಯ. ಹಳೇ ಕೇಬಲ್‌ನೊಂದಿಗೆ 5.27ಕ್ಕೆ ಹೋಗಿ ನೋಡಿದೆ. ಅಲ್ಲೂ ಮಾಯ! ‘ಎಲ್ಲ ಸರಿಯಿತ್ತು’ ಅಂತ ಬರೆದಿದ್ದೆ, ಅಲ್ವಾ? ನನ್ನ ದೂರನ್ನು ನಾನೇ ‘ಇದು ಬಗ್ ಅಲ್ಲ’ ಅಂತ ಮುಚ್ಚಿ, ಎರಡು ಸಾಲಿನ ಕ್ಷಮೆ ಬರೆದೆ. ಈಗ ದೂರು ಬರೆಯುವ ಮೊದಲು ಹೊಸ ಅಕೌಂಟಿನಲ್ಲಿ ಒಮ್ಮೆ, ಬೇರೆ ಕೇಬಲ್‌ನಲ್ಲಿ ಒಮ್ಮೆ ನೋಡುತ್ತೇನೆ. ಆಮೇಲೆ ಬರೆದ ಮೂರು ದೂರುಗಳಲ್ಲಿ ಒಂದು ಬೇರೆ ಯಾರದೋ ದೂರಿನ ನಕಲು ಅಂತಾಯಿತು. ಒಂದಕ್ಕೆ ‘ಬೇಕಂತಲೇ ಹೀಗೆ ಮಾಡಿದ್ದು’ ಅಂದರು. ಇನ್ನೊಂದು ನಿಜವಾಗಿಯೂ ಸರಿಹೋಯಿತು. ಬದಲಾವಣೆ ಪಟ್ಟಿಯಲ್ಲಿ ಆ ಬಗ್ ಸಂಖ್ಯೆ ನೋಡಿದ ದಿನ ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಥೀಮ್‌ಗಳ ಬಗ್ಗೆ ಒಂದು ಮಾತು. ಯಾರೋ ಮಾಡಿ ಹಂಚುವ ಗ್ಲೋಬಲ್ ಥೀಮ್ ಅಂದರೆ ಬರೀ ಬಣ್ಣ, ಐಕಾನ್ ಅಲ್ಲ. ಅದರ ಜೊತೆ ಬರುವ ವಿಜೆಟ್‌ಗಳು ನಮ್ಮ ಹೆಸರಿನಲ್ಲೇ ಕೋಡ್ ಓಡಿಸಬಲ್ಲವು. 2024ರ ಮಾರ್ಚ್‌ನಲ್ಲಿ ಅಂಥ ಒಂದು ಥೀಮ್ ಹಾಕಿದ ಒಬ್ಬರ ಫೈಲುಗಳೇ ಅಳಿಸಿಹೋದವು. ಕೆಡಿಇಯವರೇ ಬಹಿರಂಗವಾಗಿ ಎಚ್ಚರಿಸಿದರು. ಅದಾದ ಮೇಲೆ ನಾನು ಪ್ಲಾಸ್ಮಾದ ಜೊತೆಗೇ ಬರುವ ಬ್ರೀಜ್ ಥೀಮ್‌ನಲ್ಲೇ ಇದ್ದೇನೆ.

ಆಮೇಲಿನ ಆವೃತ್ತಿಗಳು ಸದ್ದಿಲ್ಲದೆ ಬಂದವು. 6.1ರಲ್ಲಿ ಮೌಸ್ ಜೋರಾಗಿ ಅಲ್ಲಾಡಿಸಿದರೆ ಬಾಣ ದೊಡ್ಡದಾಗುತ್ತದೆ. ಎರಡು ಪರದೆಯಲ್ಲಿ ಅದನ್ನು ಹುಡುಕಿ ಸುಸ್ತಾಗುವ ನನಗೆ ಕ್ಯೂಬಿಗಿಂತ ಇದೇ ಹೆಚ್ಚು. 6.4ರಲ್ಲಿ ಒಂದೊಂದು ವರ್ಚುವಲ್ ಡೆಸ್ಕ್‌ಟಾಪಿಗೆ ಕಿಟಕಿಗಳನ್ನು ಪಕ್ಕಪಕ್ಕ ಹೊಂದಿಸುವ ಒಂದೊಂದು ಟೈಲಿಂಗ್ ಜೋಡಣೆ ಬಂತು. ಇಷ್ಟೆಲ್ಲ ಓಟ ಬೇಡ ಅನ್ನುವವರೂ ಇದ್ದಾರೆ. ನನ್ನ ಗೆಳೆಯನೊಬ್ಬ ಹೊಸದನ್ನು ನಿಧಾನಕ್ಕೆ ತರುವ ಡೆಬಿಯನ್ ಲಿನಕ್ಸಿನ ಭಕ್ತ. ಡೆಬಿಯನ್ 12ರಲ್ಲಿ 5.27 ಇತ್ತು, 2025ರ ಆಗಸ್ಟ್‌ನಲ್ಲಿ ಬಂದ 13ರಲ್ಲಿ 6.3 ಇದೆ. 6.0, 6.1, 6.2 ಬಂದು ಹೋದದ್ದು ಅವನಿಗೆ ಗೊತ್ತೇ ಇಲ್ಲ. ಕ್ಯೂಬ್ ಹೋಗಿತ್ತಾ ಅಂತ ಕೇಳಿದ.

ನನಗೆ ಸದ್ಯದ ಚಿಂತೆ 6.8. ಅಲ್ಲಿಂದ ಪ್ಲಾಸ್ಮಾದಲ್ಲಿ ಎಕ್ಸ್11 ಸೆಷನ್ ಇರುವುದಿಲ್ಲ, ವೇಲ್ಯಾಂಡ್ ಒಂದೇ ಅಂತ 2025ರ ನವೆಂಬರ್‌ನಲ್ಲಿ ತಿಳಿಸಿದ್ದಾರೆ. ಹಳೇ ಪ್ರೋಗ್ರಾಂಗಳು ಎಕ್ಸ್‌ವೇಲ್ಯಾಂಡ್ ಮೂಲಕ ಓಡುತ್ತವೆ, ಅದರ ಭಯ ಇಲ್ಲ. ಭಯ ಇರುವುದು ನನ್ನದೇ ಒಂದು ಸ್ಕ್ರಿಪ್ಟಿನದು. ಬೆಳಗ್ಗೆ ಒಂದು ಕೀ ಒತ್ತಿದರೆ ಐದು ಕಿಟಕಿಗಳನ್ನು ಅವುಗಳ ಜಾಗದಲ್ಲಿ ಕೂರಿಸುತ್ತದೆ, ಎಕ್ಸ್11ರಲ್ಲಿ ಕಿಟಕಿ ಸರಿಸುವ ಎಕ್ಸ್‌ಡೂಟೂಲ್ ನಂಬಿಕೊಂಡು. ವೇಲ್ಯಾಂಡ್‌ನಲ್ಲಿ ಒಂದು ಪ್ರೋಗ್ರಾಂ ಇನ್ನೊಂದರ ಕಿಟಕಿಯನ್ನು ಹಾಗೆ ಎಳೆದಾಡುವಂತಿಲ್ಲ. ಪ್ಲಾಸ್ಮಾದಲ್ಲಿ ಕಿಟಕಿಗಳನ್ನು ನೋಡಿಕೊಳ್ಳುವ ಕೆವಿನ್‌ನ ವಿಂಡೋ ರೂಲ್ಸ್‌ನಲ್ಲಿ ನಾಲ್ಕು ಕಿಟಕಿ ಕೂರಿಸಿಯಾಯಿತು. ಐದನೆಯದು ಆಜ್ಞೆ ಬರೆಯುವ ಕಾನ್ಸೋಲ್. ಅದೇ ಹೆಸರಿನ ಮೂರು ಕಿಟಕಿ ಯಾವಾಗಲೂ ತೆರೆದಿರುತ್ತವೆ, ರೂಲ್ ಹಾಕಿದರೆ ಮೂರೂ ಹೋಗಿ ಒಂದೇ ಮೂಲೆಯಲ್ಲಿ ಒಂದರ ಮೇಲೊಂದು ಕೂರುತ್ತವೆ. ಈ ಮಂಗಳವಾರ ಅದಕ್ಕೊಂದು ದಾರಿ ಹುಡುಕಬೇಕು.