ಬೇಸಿಗೆ ಲ್ಯಾಕ್ರೋಸ್: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಪಾಪ, ರಜೆಯಲ್ಲಾದರೂ ಆ ಮಕ್ಕಳನ್ನು ಬಿಡಬಾರದಾ?"

ಅಮೆರಿಕದಲ್ಲಿ ಹೈಸ್ಕೂಲಿಗೆ ಹೋಗುವ ಮಕ್ಕಳಿರುವ ಕನ್ನಡದ ಮನೆಗಳಲ್ಲಿ ಲ್ಯಾಕ್ರೋಸ್ ಮಾತು ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಲ್ಯಾಕ್ರೋಸ್ ಎಂದರೆ ತುದಿಯಲ್ಲಿ ಬಲೆಯಿರುವ ಕೋಲಿನಿಂದ (ಸ್ಟಿಕ್) ಚೆಂಡನ್ನು ಹಿಡಿದು, ಎಸೆದು ಗೋಲು ಹೊಡೆಯುವ ಆಟ. ವಿಷಯ ಇಷ್ಟು: ಶಾಲೆಗಳ ಲ್ಯಾಕ್ರೋಸ್ ಸೀಸನ್ ಫೆಬ್ರವರಿ-ಮಾರ್ಚಿನಲ್ಲಿ ಶುರುವಾಗಿ ಮೇ-ಜೂನ್ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ರಜೆಯಲ್ಲಿ ಶಾಲೆಯ ತಂಡ ತನ್ನದೇ ಕೋಚ್ ಜೊತೆ ಆಡಬಹುದೇ ಎಂಬುದನ್ನು ಆಯಾ ರಾಜ್ಯದ ಹೈಸ್ಕೂಲು ಕ್ರೀಡಾ ಸಂಸ್ಥೆ ತೀರ್ಮಾನಿಸುತ್ತದೆ. ಆಡಲಿ ಎನ್ನುವುದು ನನ್ನ ಉತ್ತರ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಆ "ಪಾಪ" ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಶಾಲೆಯ ತಂಡಕ್ಕೆ ಬೀಗ ಹಾಕಿದರೆ ಮಕ್ಕಳೆಲ್ಲ ಮನೆಯಲ್ಲಿ ಆರಾಮಾಗಿ ಇರುತ್ತಾರೆ ಎಂದುಕೊಂಡಿದ್ದೀರಾ? ದುಡ್ಡಿರುವವರು ಖಾಸಗಿ ಕ್ಲಬ್ಬಿಗೆ ಹೋಗುತ್ತಾರೆ. 2017ರಲ್ಲಿ ಬಂದ ನಿಯಮದ ಪ್ರಕಾರ ಡಿವಿಷನ್ 1 (ಕಾಲೇಜು ಕ್ರೀಡೆಯ ಅತಿ ಮೇಲಿನ ದರ್ಜೆ) ಕಾಲೇಜುಗಳ ಲ್ಯಾಕ್ರೋಸ್ ಕೋಚ್‌ಗಳು ವಿದ್ಯಾರ್ಥಿಯ 11ನೇ ತರಗತಿಯ ಸೆಪ್ಟೆಂಬರ್ 1ಕ್ಕಿಂತ ಮೊದಲು ಅವನೊಡನೆ ಮಾತಾಡುವಂತಿಲ್ಲ. ಹಾಗಾಗಿ 10ನೇ ತರಗತಿ ಮುಗಿದ ಬೇಸಿಗೆಯಲ್ಲೇ ಕ್ಲಬ್ ಟೂರ್ನಿಗಳ ಅಂಚಿನಲ್ಲಿ ಆ ಕೋಚ್‌ಗಳು ಪಟ್ಟಿ ಹಿಡಿದು ನಿಂತಿರುತ್ತಾರೆ. ಶಾಲೆಯ ಆಟಕ್ಕೆ ತಡೆ ಹಾಕಿದಾಗ ಮನೆಯಲ್ಲಿ ಉಳಿಯುವವರು ಕ್ಲಬ್ ಫೀ ಕಟ್ಟಲಾಗದ ಮಕ್ಕಳು ಮಾತ್ರ. ಪಾಪ ಅನ್ನುವುದಿದ್ದರೆ ಅವರಿಗೆ ಅನ್ನಿ.

ಈ ಆಟ ಬೇಸಿಗೆಗೆ ಸಲ್ಲದು ಎನ್ನುವವರಿಗೂ ಒಂದು ಮಾತು. ಕೆನಡಾ 1994ರಲ್ಲಿ ಕಾನೂನು ಮಾಡಿ ಲ್ಯಾಕ್ರೋಸನ್ನು ತನ್ನ ರಾಷ್ಟ್ರೀಯ ಬೇಸಿಗೆ ಕ್ರೀಡೆ ಎಂದು ಘೋಷಿಸಿದೆ.

ಹಾಗಂತ ವಸಂತದ ಅಭ್ಯಾಸವನ್ನೇ ಜುಲೈಗೆ ಎಳೆಯಬೇಡಿ. 110 ಗಜದ ಮೈದಾನ, ಹತ್ತತ್ತು ಹುಡುಗರು ರಜೆಯಲ್ಲಿ ಬೇಡ. ಅಷ್ಟು ಜನ ಸೇರುವುದೂ ಇಲ್ಲ. ಸಿಕ್ಸಸ್ ಆಡಿಸಿ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಜೊತೆಯಲ್ಲೇ 2023ರ ಅಕ್ಟೋಬರಿನಲ್ಲಿ ಒಲಿಂಪಿಕ್ ಸಮಿತಿಯ ಮುಂಬೈ ಅಧಿವೇಶನದಲ್ಲಿ ಒಪ್ಪಿಗೆ ಪಡೆದದ್ದು ಇದೇ ಮಾದರಿ. 70 ಮೀಟರ್ ಉದ್ದ, 36 ಮೀಟರ್ ಅಗಲ, ತಂಡಕ್ಕೆ ಆರು ಜನ, 30 ಸೆಕೆಂಡಿನೊಳಗೆ ಶಾಟ್. ಉದ್ದನೆಯ ಡಿಫೆನ್ಸ್ ಸ್ಟಿಕ್ ಇಲ್ಲಿಲ್ಲ, ಆದ್ದರಿಂದ ಡಿಫೆಂಡರ್ ಕೂಡ ಚೆಂಡು ಹಿಡಿದು ಓಡುವುದನ್ನು ಕಲಿಯುತ್ತಾನೆ. ಓಟ ಬಿಡುವಿಲ್ಲದ್ದು. ಎಂಟು ನಿಮಿಷದ ಕ್ವಾರ್ಟರನ್ನು ಬೇಸಿಗೆಯಲ್ಲಿ ಐದಕ್ಕೆ ಇಳಿಸಿ.

ಆರು ವಾರ, ವಾರಕ್ಕೆ ಎರಡು ಸಂಜೆ, ಪ್ರತಿಸಲ 75 ನಿಮಿಷ ಸಾಕು. ಆಗಸ್ಟ್‌ನಲ್ಲಿ ಸ್ಟಿಕ್ ಮುಟ್ಟುವುದೇ ಬೇಡ. ಒಂದೇ ಆಟಕ್ಕೆ ಅಂಟಿಕೊಂಡ ಮಕ್ಕಳಿಗೆ ವರ್ಷದಲ್ಲಿ ಮೂರು ತಿಂಗಳಾದರೂ, ಒಂದೊಂದೇ ತಿಂಗಳಾಗಿಯಾದರೂ, ಆ ಆಟದಿಂದ ಬಿಡುವು ಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳಿದೆ. ಇನ್ನು ಹಾಜರಿ ಪುಸ್ತಕ ಇಡಬೇಡಿ. ಇಟ್ಟರೆ, ಬಂದವರು ಯಾರು ಎಂಬುದು ಮುಂದಿನ ವಸಂತದ ಆಯ್ಕೆಯ ದಿನ ಕೋಚ್ ತಲೆಯಲ್ಲಿ ಇದ್ದೇ ಇರುತ್ತದೆ.

ಆದರೆ ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಯಾರೂ ಕೇಳುವುದಿಲ್ಲ: ಸೆಕೆಗೆ ಕುಸಿದ ಹುಡುಗನನ್ನು ತಣಿಸುವ ಐಸ್ ತೊಟ್ಟಿ ಎಲ್ಲಿದೆ?

ಫೋನಿನಲ್ಲಿ ಕಾಣುವ ಉಷ್ಣಾಂಶ ನಂಬಬೇಡಿ. ಬಿಸಿಲು, ತೇವ, ಗಾಳಿ ಮೂರನ್ನೂ ಸೇರಿಸಿ ಅಳೆಯುವ ಡಬ್ಲ್ಯುಬಿಜಿಟಿ ಮಾಪಕವನ್ನು ಆಡುವ ಜಾಗದಲ್ಲೇ ಇಟ್ಟು ನೋಡಬೇಕು. ಪ್ಲಾಸ್ಟಿಕ್ ಹುಲ್ಲಿನ ಮೈದಾನ ಬೇರೆಯದೇ ಬೆಂಕಿ. ಜಾರ್ಜಿಯಾ ರಾಜ್ಯದ ಹೈಸ್ಕೂಲುಗಳು 2012ರಿಂದ ಅನುಸರಿಸುವ ಮಿತಿ ನನಗೆ ಸರಿಕಾಣುತ್ತದೆ: ಆ ಮಾಪಕ 90 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಒಂದೇ ಗಂಟೆ, ಅದರಲ್ಲಿ 20 ನಿಮಿಷ ವಿಶ್ರಾಂತಿ, ರಕ್ಷಣಾ ಕವಚ ಇಲ್ಲ. 92 ದಾಟಿದರೆ ಆಟ ಬಂದ್.

ಲ್ಯಾಕ್ರೋಸ್‌ನಲ್ಲಿ ತೊಡಕಾಗುವುದು ಇಲ್ಲೇ. "ಸೆಕೆ, ಎದೆಯ ಪ್ಯಾಡ್ ಬಿಚ್ಚಿಸಿ" ಎಂದು ತಂದೆತಾಯಿ ಹೇಳುತ್ತಾರೆ. ಚೆಂಡು ಗಟ್ಟಿ ರಬ್ಬರ್, ತೂಕ ಸುಮಾರು 145 ಗ್ರಾಂ. ಹೃದಯದ ಎರಡು ಬಡಿತಗಳ ನಡುವೆ ಸುಮಾರು 20 ಮಿಲಿಸೆಕೆಂಡಿನ ಒಂದು ಗಳಿಗೆಯಿದೆ. ಆಗ ಎದೆಗೆ ಬಿದ್ದ ಪೆಟ್ಟು ಆರೋಗ್ಯವಂತ ಹುಡುಗನ ಹೃದಯವನ್ನೂ ನಿಲ್ಲಿಸಬಲ್ಲದು. ಅದಕ್ಕಾಗಿಯೇ ಇಂಥ ಪೆಟ್ಟಿನಿಂದ ಹೃದಯ ಕಾಯಲೆಂದೇ ಮಾಡಿದ ಎನ್‌ಡಿ200 ಮಾನದಂಡದ ಎದೆಕವಚ ಗೋಲ್‌ಕೀಪರ್‌ಗಳಿಗೆ 2021ರಿಂದ, ಉಳಿದ ಹುಡುಗರಿಗೆ 2022ರಿಂದ ಕಡ್ಡಾಯವಾಗಿದೆ. ಆದ್ದರಿಂದ ಕವಚ ಬಿಚ್ಚುವಷ್ಟು ಸೆಕೆಯಿದ್ದ ದಿನ ಗೋಲಿನತ್ತ ಒಂದೂ ಶಾಟ್ ಬೇಡ. ಗೋಡೆಗೆ ಎಸೆದು ಹಿಡಿಯಲಿ, ಬಲಗೈಯಲ್ಲಿ 50, ಎಡಗೈಯಲ್ಲಿ 50. ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಪೆಟ್ಟಿಗೆ ಶಾಲೆಯ ಆಫೀಸಿನಲ್ಲಿ ಬೀಗದೊಳಗೆ ಇರಬಾರದು, ಬೆಂಚಿನ ಕೆಳಗಿರಬೇಕು.

ಜೂನ್‌ನ ಮೊದಲ ವಾರ ಹೆಚ್ಚು ಅಪಾಯ, ಯಾಕೆಂದರೆ ತಂಪಿನಲ್ಲಿ ಆಡಿದ ಮೈ ಸೆಕೆಗೆ ಒಗ್ಗಲು 10ರಿಂದ 14 ದಿನ ಬೇಕು. ಹುಡುಗ ತೊದಲಿದರೆ, ತೂರಾಡಿದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಟ್ಟರೆ ಕಾಯಬೇಡಿ. ಮೈ ಬೆವರುತ್ತಿದೆ ಎಂದು ಸಮಾಧಾನ ಪಟ್ಟುಕೊಳ್ಳಬೇಡಿ. ಆಡುತ್ತಾ ಶಾಖಾಘಾತವಾದವರು ಬೆವರುತ್ತಲೇ ಇರಬಹುದು. ಹೆಲ್ಮೆಟ್, ಪ್ಯಾಡ್ ಕಿತ್ತು ಕುತ್ತಿಗೆಯವರೆಗೆ ಐಸ್ ನೀರಿನಲ್ಲಿ ಇಳಿಸಿ. ಮುಳುಗದಂತೆ ಕಂಕುಳಡಿ ಟವೆಲ್ ಹಾಯಿಸಿ ಒಬ್ಬರು ಹಿಂದಿನಿಂದ ಹಿಡಿದಿರಲಿ, ಇನ್ನೊಬ್ಬರು ನೀರು ಕಲಕುತ್ತಿರಲಿ. ಆಂಬುಲೆನ್ಸ್‌ಗೆ ಆಗಲೇ ಫೋನ್ ಮಾಡಿ, ಆದರೆ ಮೈ ತಣಿಯುವ ಮೊದಲು ಸಾಗಿಸಬೇಡಿ.

ತೊಟ್ಟಿ ಎಂದರೆ ದೊಡ್ಡ ಖರ್ಚಲ್ಲ. ದನಗಳಿಗೆ ನೀರಿಡುವ 100ರಿಂದ 150 ಗ್ಯಾಲನ್ನಿನ ತೊಟ್ಟಿ, ರೈತರ ಅಂಗಡಿಯಲ್ಲಿ ಸಿಗುತ್ತದೆ. ಐದು ಗಂಟೆಗೆ ಅಭ್ಯಾಸವಿದ್ದರೆ ನಾಲ್ಕೂವರೆಗೆ ಅದು ನೆರಳಿನಲ್ಲಿ ಅರ್ಧ ನೀರು ತುಂಬಿಕೊಂಡು ಇರಬೇಕು, ಪಕ್ಕದಲ್ಲಿ ಐಸ್ ತುಂಬಿದ ಕೂಲರ್. ಇಲ್ಲದಿದ್ದರೆ ಮಕ್ಕಳನ್ನು ಕಾರಿನಿಂದ ಇಳಿಸಬೇಡಿ.