ಡೌನ್‌ಲೋಡ್ ಆಗಿತ್ತು, ಓಡಲಿಲ್ಲ: ಹಿನ್ನೀರಿನ ಕ್ಯಾಂಪಿನಲ್ಲಿ ಕಲಿತದ್ದು

ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ದಂಡೆಯಲ್ಲಿರುವ ಒಂದು ಟೆಂಟ್ ಕ್ಯಾಂಪಿನ ಉಸ್ತುವಾರಿ ನನ್ನದು. ನಮ್ಮಲ್ಲಿ ಟವರ್ ಸಿಗುವುದಿಲ್ಲ. ದಿಬ್ಬ ಹತ್ತಿ ಹಲಸಿನ ಮರದ ಬುಡಕ್ಕೆ ಹೋದರೆ ಎರಡು ಕಡ್ಡಿ ಬರುತ್ತದೆ, ಅಷ್ಟೇ. ಹಾಗಾಗಿ ಬುಕಿಂಗ್‌ಗೆ ಫೋನ್ ಮಾಡಿದವರಿಗೆಲ್ಲ ಹೇಳುತ್ತಿದ್ದೆ: "ಸಿನಿಮಾ ನೋಡೋದಿದ್ರೆ ಮನೇಲೇ ಡೌನ್‌ಲೋಡ್ ಮಾಡ್ಕೊಂಡು, ಒಂದ್ಸಲ ಓಡಿಸಿ ನೋಡಿ ಬನ್ನಿ."

ಕಾಡಿಗೆ ಬಂದು ಸಿನಿಮಾ ಯಾಕೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಡಿಸೆಂಬರಿನಲ್ಲಿ ಆರೂವರೆಗೆಲ್ಲ ಕತ್ತಲಾಗುತ್ತದೆ. ಮಂಡಿನೋವಿನ ಅಜ್ಜಿ ದೋಣಿ ಹತ್ತಲಾರರು, ಗುಡ್ಡ ಏರಲಾರರು. ಮೊಮ್ಮಕ್ಕಳ ಜೊತೆ ಒಂದೇ ಕಂಬಳಿಯೊಳಗೆ ಕೂತು ಸಿನಿಮಾ ನೋಡುವುದೇ ಅವರಿಗೆ ಪ್ರವಾಸ.

ಅಂಥದೇ ಒಂದು ಕುಟುಂಬ ಶಿವಮೊಗ್ಗದಿಂದ ಬಂದಿತ್ತು. ನನ್ನ ಮಾತು ನಂಬಿ ಬುಧವಾರ ರಾತ್ರಿ ಟ್ಯಾಬ್‌ಗೆ ಸಿನಿಮಾ ಇಳಿಸಿಕೊಂಡು, ಐದು ನಿಮಿಷ ಓಡಿಸಿಯೂ ನೋಡಿದ್ದರು. ಶನಿವಾರ ಸಂಜೆ ನಾನು ಪ್ರೊಜೆಕ್ಟರ್‌ಗೆ ವೈರ್ ಚುಚ್ಚಿ ಪ್ಲೇ ಒತ್ತಿದರೆ, ಅವಧಿ ಮುಗಿದಿದೆ, ಇಂಟರ್ನೆಟ್‌ಗೆ ಸಂಪರ್ಕಿಸಿ ಎಂಬ ಸೂಚನೆ ಬಂತು. ಅಜ್ಜಿಯ ಪಕ್ಕದಲ್ಲಿದ್ದ ಹುಡುಗಿ ನನ್ನ ಮುಖ ನೋಡಿದಳು.

ಕಾರಣ ಆಮೇಲೆ ತಿಳಿಯಿತು. ಆ್ಯಪ್‌ನಲ್ಲಿ ಇಳಿಸಿದ್ದು ನಮ್ಮ ಸ್ವಂತ ಫೈಲ್ ಅಲ್ಲ, ಬೀಗ ಹಾಕಿದ ಪೆಟ್ಟಿಗೆ. ಬೀಗದ ಕೈಗೆ ಅವಧಿ ಇರುತ್ತದೆ. ಎಷ್ಟೋ ಸಿನಿಮಾಗಳಿಗೆ ಮೊದಲ ಸಲ ಪ್ಲೇ ಒತ್ತಿದ ಗಳಿಗೆಯಿಂದ 48 ಗಂಟೆ ಮಾತ್ರ. "ಒಂದ್ಸಲ ಓಡಿಸಿ ನೋಡಿ" ಎಂದ ನನ್ನ ಸಲಹೆಯೇ ಗಡಿಯಾರ ಚಾಲೂ ಮಾಡಿತ್ತು. ತಪ್ಪು ಅವರದ್ದಲ್ಲ, ನನ್ನದು.

ಟ್ಯಾಬ್ ಹಿಡಿದು ಹುಡುಗಿಯ ಅಪ್ಪನೂ ನಾನೂ ಟಾರ್ಚ್ ಬೆಳಕಿನಲ್ಲಿ ದಿಬ್ಬ ಹತ್ತಿದೆವು. ನನ್ನ ಫೋನಿನ ಹಾಟ್‌ಸ್ಪಾಟ್ ಕೊಟ್ಟೆ. ಪೂರ್ತಿ ಸಿನಿಮಾ ಮತ್ತೆ ಇಳಿಸಬೇಕಾಗಲಿಲ್ಲ. ಬೀಗದ ಕೈಯ ಅವಧಿ ನವೀಕರಿಸಲು ಆ ಎರಡು ಕಡ್ಡಿಯೇ ಸಾಕಾಯಿತು, ಆದರೆ ಪರದೆಯ ಮೇಲಿನ ಚಕ್ರ ಸುತ್ತುವುದು ನಿಲ್ಲಲು ಅರ್ಧ ಗಂಟೆ ಹಿಡಿಯಿತು. ಕೆಳಗೆ ಬರುವಾಗ ಒಂಬತ್ತಾಗಿತ್ತು. ಅಷ್ಟರಲ್ಲಿ ಇನ್ನೊಂದು ಪೆಟ್ಟು. ಅಡಿಕೆ ಗಳುಗಳ ನಡುವೆ ಬಯಲಿನಲ್ಲಿ ಕಟ್ಟಿದ್ದ ಬಿಳಿ ಪಂಚೆ ಇಬ್ಬನಿ ಕುಡಿದು ತೊಪ್ಪೆಯಾಗಿ ನಡುವೆ ಜೋತುಬಿದ್ದಿತ್ತು, ಅದರ ತುಂಬ ಪತಂಗಗಳು. ನಾಯಕಿಯ ಮುಖ ಮಡಿಕೆಯೊಳಗೆ ಹೋಗಿಬಿಟ್ಟಿತು. ಹತ್ತು ಗಂಟೆಯ ನಂತರ ಸ್ಪೀಕರ್ ಹಾಕುವಂತಿಲ್ಲ. ನೀರಿನ ಮೇಲೆ ಸದ್ದು ಆಚೆ ದಂಡೆಯ ಮನೆಗಳವರೆಗೂ ಹೋಗುತ್ತದೆ. ಇಂಟರ್‌ವಲ್‌ಗೂ ಮೊದಲೇ ನಿಲ್ಲಿಸಿದೆ. "ಇರ್ಲಿ ಬಿಡಪ್ಪಾ, ಅರ್ಧ ಆದ್ರೂ ನೋಡಿದ್ವಲ್ಲ" ಎಂದರು ಅಜ್ಜಿ. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಈಗ ಫೋನಿನಲ್ಲಿ ಬೇರೆಯೇ ಹೇಳುತ್ತೇನೆ. ಮನೆಯಲ್ಲಿ ಇಳಿಸಿಕೊಳ್ಳಿ, ಪ್ಲೇ ಒತ್ತಬೇಡಿ. ಹೊರಟ ದಿನ ಸಾಗರದಲ್ಲಿ ಊಟಕ್ಕೆ ನಿಲ್ಲಿಸಿದಾಗ ಏರೋಪ್ಲೇನ್ ಮೋಡ್ ಹಾಕಿ ಒಂದು ನಿಮಿಷ ಓಡಿಸಿ. ಓಡದಿದ್ದರೆ ಅಲ್ಲಿ ನೆಟ್ ಇದೆ, ಸರಿಮಾಡಿಕೊಳ್ಳಬಹುದು. ಆ್ಯಪ್‌ನಿಂದ ಲಾಗ್‌ಔಟ್ ಆದರೆ ಇಳಿಸಿದ್ದೆಲ್ಲ ಹೋಗಬಹುದು, ಅದನ್ನೂ ಹೇಳುತ್ತೇನೆ. ವೈರ್ ಇಲ್ಲದೆ ಪರದೆಗೆ ಕಳಿಸುತ್ತೇವೆ ಎನ್ನುವವರಿಗೆ ಬೇಡ ಎನ್ನುತ್ತೇನೆ. ಸದ್ದು ಬಂದು ಚಿತ್ರ ಕಪ್ಪಾಗಿ ಕೂತದ್ದನ್ನು ಕಂಡಿದ್ದೇನೆ. ಕ್ಯಾಂಪಿನ ಖಾತೆಯಿಂದ ನಾನು ಏನನ್ನೂ ತೋರಿಸುವುದಿಲ್ಲ. ಅವು ಮನೆಬಳಕೆಗೆ ಕೊಟ್ಟ ಖಾತೆಗಳು.

ಕರೆಂಟಿನ ಲೆಕ್ಕ ಸುಲಭ. ನಮ್ಮ ಪ್ರೊಜೆಕ್ಟರ್ 60 ವ್ಯಾಟ್, ಬ್ಯಾಟರಿ 300 ವ್ಯಾಟ್-ಅವರ್. ಭಾಗಿಸಿದರೆ ಐದು ಗಂಟೆ, ನಷ್ಟ ಕಳೆದು ನಾಲ್ಕು ಎಂದುಕೊಳ್ಳಬೇಕು. ಪಂಚೆಯನ್ನು ಈಗ ಟಾರ್ಪಾಲಿನ ಕೆಳಗೆ, ಆಟ ಶುರುವಾಗುವ ಹತ್ತು ನಿಮಿಷ ಮೊದಲು ಕಟ್ಟುತ್ತೇನೆ. ವಾರ್ತೆಗೆ ಡಿಡಿ ಫ್ರೀ ಡಿಶ್ ಇದೆ. ನೆಟ್ ಬೇಡ, ತಿಂಗಳ ಬಾಡಿಗೆಯಿಲ್ಲ, ಚಂದನ ಬರುತ್ತದೆ. ಡಿಶ್ ಮುಖ ಮಾಡುವ ಆಗ್ನೇಯಕ್ಕೆ ಮರ ಅಡ್ಡ ಇರಬಾರದು. ಜೋರು ಮಳೆಗೆ ಮಾತ್ರ ಚಿತ್ರ ನಿಂತುಹೋಗುತ್ತದೆ.

ಫೆಬ್ರವರಿಯಲ್ಲಿ ಅದೇ ಕುಟುಂಬ ಮತ್ತೆ ಬುಕ್ ಮಾಡಿತು. ಬರುವ ದಿನ ಮಧ್ಯಾಹ್ನ ಅವರು ಸಾಗರ ಮುಟ್ಟುವ ಹೊತ್ತಿಗೆ ನಾನು ಹಲಸಿನ ಮರದ ಬುಡದಲ್ಲಿ ಕಾಯುತ್ತ ನಿಂತಿದ್ದೆ. ಫೋನ್ ಬಂತು. ಹುಡುಗಿಯ ದನಿ: "ಅಂಕಲ್, ಏರೋಪ್ಲೇನ್ ಹಾಕಿದ್ರೂ ಓಡ್ತು! ಅಜ್ಜಿ ಉಳಿದರ್ಧ ನೋಡ್ಬೇಕಂತೆ."