ಮಂತ್ರಿಯೇ ಇಲ್ಲದ ರಾಜಕೀಯ ಸಿನಿಮಾ

ಸಿಗಂದೂರು ಸೇತುವೆ ಆದ ವರ್ಷದ ಮಳೆಗಾಲ. ಒಂದು ಭಾನುವಾರ ನಾನು ಮತ್ತು ಅಕ್ಕನ ಮಗ ಶಿವಮೊಗ್ಗದಿಂದ ಹೊರಟು ತುಮರಿ ಕಡೆ ಇರುವ ದೊಡ್ಡಮ್ಮನ ಮನೆಗೆ ಹೋದೆವು. ಸ್ನೇಹಿತರೊಬ್ಬರ ಪ್ರೊಜೆಕ್ಟರ್ ಜೊತೆಗಿತ್ತು. ಮಳೆಗಾಲದಲ್ಲಿ ಆ ಮನೆಯಲ್ಲಿ ಕೂತರೆ ಸಿನಿಮಾ ನೋಡುವುದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ.

ದಾರಿಯುದ್ದಕ್ಕೂ ನಮ್ಮಿಬ್ಬರದು ಒಂದೇ ಮಾತು. ರಾಜಕೀಯ ಸಿನಿಮಾ ಅಂದರೆ ಯಾವುದು? ಅವನ ಪ್ರಕಾರ ಅದರಲ್ಲಿ ಒಬ್ಬ ಮಂತ್ರಿ ಇರಬೇಕು, ಭಾಷಣ ಇರಬೇಕು, ಅಂಬರೀಶ್ ಥರದ ಒಬ್ಬರು ಎದುರು ನಿಲ್ಲಬೇಕು. 'ಅಂತ' ಅವನಿಗೆ ಪ್ರಾಣ. 1981ರ ಸಿನಿಮಾವನ್ನು ಅವನ ವಯಸ್ಸಿನವರು ಇಷ್ಟು ಹಚ್ಚಿಕೊಂಡಿರುವುದು ನನಗೂ ಖುಷಿಯೇ. ಶಂಕರ್ ನಾಗ್ ಅವರ 'ಆಕ್ಸಿಡೆಂಟ್' ಕೂಡ ಅವನ ಪಟ್ಟಿಯಲ್ಲಿದೆ. ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ರಾಜಕಾರಣಿಯ ಮಗ ಕಾರು ಹತ್ತಿಸುತ್ತಾನೆ, ಆಮೇಲೆ ಎಲ್ಲರೂ ಸೇರಿ ಅದನ್ನು ಮುಚ್ಚಿಹಾಕಲು ನೋಡುತ್ತಾರೆ. ಅಪ್ಪನ ಪಾತ್ರದಲ್ಲಿ ಅನಂತ್ ನಾಗ್. ಅದು ದೊಡ್ಡ ಸಿನಿಮಾ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ನಮ್ಮ ಮಲೆನಾಡಿನಲ್ಲಿ ಸರ್ಕಾರ ಕಾಣುವುದೇ ಬೇರೆ ರೂಪದಲ್ಲಿ ಅಲ್ವಾ? ಮಂತ್ರಿ ಬರುವುದು ಚುನಾವಣೆಗೆ. ಸರ್ವೆಯವರು, ಗಾರ್ಡು, ಗುಮಾಸ್ತರು ಬರುವುದು ಯಾವಾಗ ಬೇಕಾದರೂ.

ಸೇತುವೆ ಮೇಲೆ ಕಾರು ನಿಧಾನ ಮಾಡಿದೆ. ಎರಡೂ ಕಡೆ ಶರಾವತಿಯ ಹಿನ್ನೀರು ಬೂದು ಬಣ್ಣಕ್ಕೆ ತಿರುಗಿತ್ತು. ಲಿಂಗನಮಕ್ಕಿ ಆಣೆಕಟ್ಟು ಮುಗಿದದ್ದು 1964ರಲ್ಲಿ. ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈ 14ಕ್ಕೆ. ಮಧ್ಯದ ಅರವತ್ತು ವರ್ಷ ಇಲ್ಲಿನವರು ಲಾಂಚ್ ನಂಬಿಕೊಂಡು ಬದುಕಿದರು. ಸಂಜೆ ಕೊನೆಯ ಲಾಂಚ್ ಹೋದ ಮೇಲೆ ಯಾರಿಗಾದರೂ ಎದೆನೋವು ಬಂದರೆ, ಹೆರಿಗೆ ನೋವು ಬಂದರೆ ಏನು ಗತಿ ಎಂದು ಇಲ್ಲಿನ ಯಾರನ್ನು ಕೇಳಿದರೂ ಒಂದು ಕಥೆ ಹೇಳುತ್ತಾರೆ. ನಾಡಿಗೆಲ್ಲ ಬೆಳಕು ಕೊಡಲು ಮುಳುಗಿದ ಊರುಗಳಿವು. ಅವತ್ತು ನಾವು ಮನೆ ತಲುಪಿದಾಗ ಕರೆಂಟ್ ಇರಲಿಲ್ಲ.

ಮಧ್ಯಾಹ್ನ ಊಟ ಆಗುವ ಹೊತ್ತಿಗೆ ಕರೆಂಟ್ ಬಂತು. ಜಗಲಿಯ ಗೋಡೆಗೆ ಬಿಳಿ ಪಂಚೆ ಕಟ್ಟಿದೆವು. ಮೊದಲು 'ದ್ವೀಪ' ಹಾಕೋಣ ಅಂದದ್ದು ನಾನೇ. ಗಿರೀಶ್ ಕಾಸರವಳ್ಳಿ ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನವರು. ಕಾದಂಬರಿ ಸಾಗರದ ನಾ. ಡಿಸೋಜ ಅವರದು. 2002ರ ಅತ್ಯುತ್ತಮ ಚಿತ್ರ ಎಂದು ರಾಷ್ಟ್ರಪ್ರಶಸ್ತಿ ಬಂದ ಸಿನಿಮಾ. ಆಣೆಕಟ್ಟಿನ ನೀರು ಏರುತ್ತಿದೆ, ಊರು ಖಾಲಿಯಾಗುತ್ತಿದೆ, ಒಂದು ಮನೆಯವರು ಮಾತ್ರ ಗುಡ್ಡ ಬಿಟ್ಟು ಕದಲುವುದಿಲ್ಲ. ದುಗ್ಗಜ್ಜ, ಅವನ ಮಗ ಗಣಪ, ಸೊಸೆ ನಾಗಿ. ನಾಗಿಯಾಗಿ ನಟಿಸಿದ ಸೌಂದರ್ಯ ಅವರೇ ಸಿನಿಮಾದ ನಿರ್ಮಾಪಕಿ ಕೂಡ.

ದೊಡ್ಡಮ್ಮ ಅದನ್ನು ಮೊದಲ ಸಲ ನೋಡುತ್ತಿದ್ದರು. ನೀರು ಬಂದಾಗ ಅವರಿಗೆ ಹತ್ತು ವರ್ಷ ಇರಬಹುದು. ಅವರ ತವರಿನವರನ್ನು ಲಾರಿಗೆ ಹತ್ತಿಸಿ ಶಿವಮೊಗ್ಗದ ಕಡೆಯ ಕಾಡಿನಲ್ಲಿ ಇಳಿಸಿದರು. ದೊಡ್ಡಪ್ಪನ ಮನೆಯವರು ಇಲ್ಲೇ ಗುಡ್ಡದ ಮೇಲಕ್ಕೆ ಸರಿದುಕೊಂಡರು. ಮುಂದೆ ಮದುವೆಯಾಗಿ ದೊಡ್ಡಮ್ಮ ಲಾಂಚ್ ಹತ್ತಿ ಅದೇ ನೀರಿನ ಮಗ್ಗುಲಿಗೆ ವಾಪಸು ಬಂದರು. ಹಾಗಾಗಿ ಅವರಿಗೆ ಎರಡೂ ಕಡೆಯ ಕಥೆ ಗೊತ್ತು.

ಪರಿಹಾರ ಲೆಕ್ಕ ಹಾಕುವ ದೃಶ್ಯ ಬಂತು. ಜಮೀನಿಗೆ ಕಾಗದ ಇಲ್ಲದವರಿಗೆ ಏನು ಸಿಗುತ್ತದೆ ಎಂಬ ಮಾತು. ದೊಡ್ಡಮ್ಮ ಮುಂದಕ್ಕೆ ಬಾಗಿ ಕೂತರು. "ನಮ್ಮನೇಲೂ ಹಿಂಗೇ ಬಂದ್ರು. ಮರಕ್ಕೆಲ್ಲ ನಂಬರ್ ಬರೆದ್ರು. ಹಲಸಿನ ಮರಕ್ಕೆ ಇಷ್ಟು, ಮಾವಿಗೆ ಇಷ್ಟು. ನಮ್ಮಜ್ಜ ಆ ನಂಬರ್ ಮೇಲೆ ಸುಣ್ಣ ಬಳಿದುಬಿಟ್ಟಿದ್ರು." ಇದನ್ನು ಅವರು ಇಷ್ಟು ವರ್ಷ ನಮಗೆ ಹೇಳಿರಲೇ ಇಲ್ಲ. ನಾನು ಸಿನಿಮಾ ನಿಲ್ಲಿಸಿದೆ. ಆಮೇಲೆ ಇನ್ನೂ ಏನೇನೋ ಹೊರಗೆ ಬಂತು. ಮನೆದೇವರನ್ನು ಮಡಿಲಲ್ಲಿ ಇಟ್ಟುಕೊಂಡು ಲಾರಿಯಲ್ಲಿ ಕೂತ ಅಜ್ಜಿ. ಲಾರಿಗೆ ಹತ್ತಿಸಲಾಗದೆ ನಡೆಸಿಕೊಂಡು ಹೋದ ದನಗಳು. ಹೊಸ ಜಾಗದಲ್ಲಿ ಮೊದಲ ವರ್ಷ ಗದ್ದೆಯೇ ಇಲ್ಲ, ಬರೀ ಬೊಡ್ಡೆ ಕೀಳುವ ಕೆಲಸ.

ಸಿನಿಮಾ ಮತ್ತೆ ಶುರು ಮಾಡಿದೆವು. ಕೊನೆಯಲ್ಲಿ ನೀರು ನಿಲ್ಲುತ್ತದೆ. ರಾತ್ರಿಯೆಲ್ಲ ಹೋರಾಡಿ ಮನೆ ಉಳಿಸಿದವಳು ನಾಗಿ. ಗಂಡ ಮಾತ್ರ ದೇವರ ದಯೆ ಅನ್ನುತ್ತಾನೆ. ದೊಡ್ಡಮ್ಮ "ಹ್ಞೂಂ, ಮತ್ತೆ" ಅಂದರು, ಅಷ್ಟೇ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಸರ್ಕಾರದ ಸಿನಿಮಾ ಅಂದ್ಯಲ್ಲ, ಇದ್ರಲ್ಲಿ ಸರ್ಕಾರ ಎಲ್ಲಿದೆ? ಬರೀ ನೀರು ಕಾಣ್ತದೆ."

ಅವರು ಆಕ್ಷೇಪಣೆ ಎಂದು ಹೇಳಿದ್ದೇ ಈ ಸಿನಿಮಾದ ದೊಡ್ಡತನ ಎಂದು ನನ್ನ ನಂಬಿಕೆ. ಅಧಿಕಾರ ಇಲ್ಲಿ ಬೈಯುವುದಿಲ್ಲ, ಹೊಡೆಯುವುದಿಲ್ಲ, ಪರದೆಯ ಮೇಲೆ ನಿಂತು ನಗುವುದೂ ಇಲ್ಲ. ಎಲ್ಲೋ ದೂರದಲ್ಲಿ ಒಂದು ಗೇಟು ಇಳಿಯುತ್ತದೆ, ಇಲ್ಲಿ ಹೊಸಿಲಿಗೆ ನೀರು ಬರುತ್ತದೆ. ಈಗಲೂ ಶ್ರಾವಣ ಬಂತೆಂದರೆ ನಮ್ಮ ಕಡೆ ಎಲ್ಲರೂ ಕೇಳುವುದು "ಲಿಂಗನಮಕ್ಕಿ ಎಷ್ಟಾಯ್ತು?" ಎಂದೇ. 1819 ಅಡಿ ಅಂದರೆ ಭರ್ತಿ. ಆ ಅಂಕಿ ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಆ ನೀರಿನ ಮಟ್ಟವನ್ನು ಒಂದು ಪಾತ್ರ ಮಾಡಿ, ಖಳನಾಯಕನೇ ಇಲ್ಲದೆ ಇಡೀ ಕಥೆ ಹೇಳಿದ್ದಾರೆ ಕಾಸರವಳ್ಳಿ. ಇದಕ್ಕಿಂತ ನಿಜವಾದ ರಾಜಕೀಯ ಸಿನಿಮಾ ನಾನು ನೋಡಿಲ್ಲ.

ರಾತ್ರಿ 'ತಬರನ ಕಥೆ' ಹಾಕಿದೆವು. ಇದೂ ಕಾಸರವಳ್ಳಿಯವರದೇ. ತೇಜಸ್ವಿಯವರ ಕಥೆ, 1986ರ ಸಿನಿಮಾ, ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಪಡೆದದ್ದು. ನಿವೃತ್ತನಾದ ಸರ್ಕಾರಿ ಜವಾನ ತಬರ ತನ್ನ ಪೆನ್ಷನ್‌ಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಡತಿ ಅಪ್ಪಿಯ ಕಾಲಿನ ಗಾಯ ಕೊಳೆಯುತ್ತಿರುತ್ತದೆ. ತಬರನಾಗಿ ಚಾರುಹಾಸನ್. ತಮಿಳುನಾಡಿನವರು, ಆದರೆ ಆ ಬಗ್ಗಿದ ಬೆನ್ನು, ಮೇಜಿನ ಮುಂದೆ ಕೈಕಟ್ಟಿ ನಿಲ್ಲುವ ರೀತಿ, ಎಲ್ಲವೂ ನಮ್ಮ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ದಿನಾ ಕಾಣುವಂಥದ್ದೇ. ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಅವರಿಗೆ ಸಂದದ್ದು ನ್ಯಾಯವೇ. ನನ್ನನ್ನು ಜಾಸ್ತಿ ಕಾಡುವುದು ತಬರನ ನಂಬಿಕೆ. ಬ್ರಿಟಿಷರ ಕಾಲದಿಂದ ಚಾಕರಿ ಮಾಡಿದವನು ಅವನು. ಸರ್ಕಾರ ತನ್ನದು, ತನಗೆ ಅನ್ಯಾಯ ಮಾಡಲಾರದು ಎಂದು ಬಹಳ ಕಾಲ ಅಂದುಕೊಂಡಿರುತ್ತಾನೆ. ಯಾರೂ ಅವನಿಗೆ ಕೊಡುವುದಿಲ್ಲ ಎಂದು ಹೇಳುವುದಿಲ್ಲ. ನಾಳೆ ಬಾ ಅನ್ನುತ್ತಾರೆ.

ನಮ್ಮ ಮನೆಯ ಒಂದು ಅರ್ಜಿ ಹೀಗೇ ಬಹಳ ವರ್ಷ ಓಡಾಡಿದೆ, ಒಂದು ಕಚೇರಿಯಲ್ಲಿ ಕಡತವೇ ಕಳೆದುಹೋಗಿತ್ತು. ಹಾಗಾಗಿ ತಬರನನ್ನು ನಾನು ಬರೀ ಸಿನಿಮಾ ಎಂದು ನೋಡಲಾರೆ. ಅಕ್ಕನ ಮಗನೂ ಮಧ್ಯದಲ್ಲಿ ಎಲ್ಲೋ ಮೊಬೈಲ್ ಕೆಳಗಿಟ್ಟಿದ್ದ. ದೊಡ್ಡಮ್ಮ ಅಪ್ಪಿಯ ಕಾಲಿನ ದೃಶ್ಯ ಬಂದಾಗ ಎದ್ದು ಒಳಗೆ ಹೋದರು.

ಆಮೇಲೆ ಮಲಗುವ ಮಾತೇ ಇಲ್ಲ. ಅಕ್ಕನ ಮಗ ಇನ್ನೂ ಯಾವುದಿದೆ ಎಂದು ಕೇಳಿದ. ಅನಂತಮೂರ್ತಿಯವರ ಕಥೆಯಿಂದ ಎಂ.ಎಸ್. ಸತ್ಯು ಮಾಡಿದ 'ಬರ' ಬಗ್ಗೆ ಹೇಳಿದೆ. ಅದರಲ್ಲಿ ಅನಂತ್ ನಾಗ್ ಜಿಲ್ಲಾಧಿಕಾರಿ. ಒಳ್ಳೆಯವನು, ಓದಿದವನು, ಜಿಲ್ಲೆಗೆ ಬರ ಬಿದ್ದಿದೆ ಎಂದು ಅವನ ಕಣ್ಣಿಗೇ ಕಾಣುತ್ತಿದೆ, ಆದರೆ ಅದನ್ನು ಘೋಷಿಸುವುದಕ್ಕೂ ರಾಜಕೀಯ ಅಡ್ಡ. ತಬರ ಮೇಜಿನ ಈ ಕಡೆ ಇದ್ದರೆ ಈ ಅಧಿಕಾರಿ ಆ ಕಡೆ. ಇಬ್ಬರೂ ಸಿಕ್ಕಿಬಿದ್ದವರೇ. ಎರಡನ್ನೂ ಒಟ್ಟಿಗೆ ನೋಡಬೇಕು ಎಂದು ಅವನಿಗೆ ಹೇಳಿದೆ. ಅನಂತಮೂರ್ತಿಯವರದೇ 'ಅವಸ್ಥೆ' ಕೂಡ ಸಿನಿಮಾ ಆಗಿದೆ. ಆ ಕಾದಂಬರಿಯ ಹಿಂದೆ ಇರುವುದು ನಮ್ಮ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಬದುಕು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಜೊತೆ ನಿಂತವರು, ಮರುವರ್ಷವೇ ವಿಧಾನಸಭೆಗೆ ಹೋದವರು. ಗೇಣಿ ಅಳೆಯುವ ಕೊಳಗದ ಗಾತ್ರದ ಮೇಲೆ ಹುಟ್ಟಿದ ಜಗಳ ಅದು. ಸಾಗರದಲ್ಲಿ ಸಮಾಜವಾದಿ ಮುಂದಾಳು ರಾಮಮನೋಹರ ಲೋಹಿಯಾ ಅವರನ್ನು ಬಂಧಿಸುವವರೆಗೆ ಹೋಯಿತು. ಇಂಥ ನೆಲದಲ್ಲಿ ಹುಟ್ಟಿ ರಾಜಕೀಯ ಅಂದರೆ ಬರೀ ಕುರ್ಚಿ ಎಂದು ತಿಳಿದುಕೊಳ್ಳಬಾರದು ಎಂದು ನನ್ನ ಹಟ.

ಒಳಗಿಂದ ದೊಡ್ಡಮ್ಮ ಬಂದು ಕೂತರು. ಅವರ ತಲೆಯಲ್ಲಿ ಇನ್ನೂ ಮಧ್ಯಾಹ್ನದ ಸಿನಿಮಾನೇ ಓಡುತ್ತಿತ್ತು. "ಉಳಿದವರ ಕಥೆ ಆಯ್ತು. ಲಾರಿ ಹತ್ತಿದವರದ್ದು?" ಎಂದರು. ಅವರ ತವರಿನ ಊರಿನಲ್ಲಿ ಹಕ್ಕುಪತ್ರದ ಮಾತು ಇವತ್ತಿಗೂ ಮುಗಿದಿಲ್ಲ. ಅಂದು ಸರ್ಕಾರವೇ ತಂದು ಇಳಿಸಿದ ಜಾಗ ಇಂದು ಕಾಗದದಲ್ಲಿ ಅರಣ್ಯ. ಅದನ್ನೂ ಒಂದು ಸಿನಿಮಾ ಮಾಡಬೇಕು ಎಂದು ಅಕ್ಕನ ಮಗ ಹುರುಪಿನಿಂದ ಹೇಳಿದ. ಮಾಡಿದರೆ ಏನೇನು ಇರಬೇಕು ಎಂದು ದೊಡ್ಡಮ್ಮನನ್ನೇ ಕೇಳಿದ.

ದೊಡ್ಡಮ್ಮ ಯೋಚನೆ ಮಾಡಿದರು. ಸುಣ್ಣ ಬಳಿದ ಮರ ಇರಬೇಕು, ನಡೆದುಕೊಂಡು ಹೋದ ದನ ಇರಬೇಕು ಎಂದರು. "ಮತ್ತೆ ಆಫೀಸಲ್ಲಿ ಕೂತು ನಮ್ಮ ಹೆಸರು ಬರ್ಕೊಂಡನಲ್ಲ, ಅವನ ಮುಖಾನೂ ಸರಿಯಾಗಿ ತೋರ್ಸಿ. ಪಾಪ, ಅವನೂ ನಮ್ಮ ಕಡೆಯವನೇ."

ಆಗ ನಾನು ನಾ. ಡಿಸೋಜ ಅವರ ವಿಷಯ ಹೇಳಿದೆ. ಅವರೂ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದವರು, ಶರಾವತಿ ಯೋಜನೆಯ ಕಚೇರಿಯಲ್ಲೇ ಕೆಲಸ ಮಾಡಿದವರು, ಮುಳುಗಡೆಯನ್ನು ಆ ಮೇಜಿನಿಂದಲೇ ಕಂಡು ಬರೆದವರು ಎಂದೆ. ದೊಡ್ಡಮ್ಮನಿಗೆ ಆಶ್ಚರ್ಯ. ಆ ಪುಸ್ತಕ ತಂದುಕೊಡು, ಓದಬೇಕು ಎಂದರು.